ಕೇಳಿದ್ರಾ ಮೇಷ್ಟ್ರು

ವಿದ್ಯಾರ್ಥಿಗಳು ಅವರಿಗೆ ಇಟ್ಟ ಅಡ್ಡಹೆಸರು 'ಕೇಳಿದ್ರಾ ಮೇಷ್ಟ್ರು'. ಪತ್ರಿಕೋದ್ಯಮದ ತರಗತಿಗೆ ಯಾರು ಏನೇ ಬರೆದುಕೊಂಡು ಬರಲಿ, ಕನ್ನಡಕ ಹಣೆಗೇರಿಸಿ ಅವರು ಕೇಳುತ್ತಿದ್ದುದು ಒಂದೇ ಮಾತು: "ಯಾರ ಬಗ್ಗೆ ಬರೆದಿದ್ದೀರೋ ಅವರನ್ನ ಕೇಳಿದ್ರಾ?" ಕ್ಯಾಂಟೀನಿನವನನ್ನು ಮಾತಾಡಿಸದೆ ಅವನ ಬಗ್ಗೆ ಬರೆದ ತಪ್ಪಿಗೆ ಮೊದಲ ವರ್ಷದ ಒಬ್ಬ ಹುಡುಗಿಗೆ ಸೊನ್ನೆ ಕೊಟ್ಟಿದ್ದರು. ಅವತ್ತು ಅಳುತ್ತಾ ಮನೆಗೆ ಹೋದವಳು ಮೂರನೇ ವರ್ಷದ ಹೊತ್ತಿಗೆ ಅವರ ಅಚ್ಚುಮೆಚ್ಚಿನ ಶಿಷ್ಯೆ. ಪತ್ರಿಕೆಯ ಕೆಲಸಕ್ಕೆ ಶಿಫಾರಸು ಪತ್ರ ಬರೆದುಕೊಟ್ಟವರೂ ಅವರೇ.

ಆರು ವರ್ಷಗಳಿಂದ ಅವಳು ಆ ಪತ್ರಿಕೆಯ ವೆಬ್‌ಸೈಟ್ ವಿಭಾಗದಲ್ಲಿದ್ದಳು. ಕಿಟಕಿಯಿಲ್ಲದ ಕೋಣೆ. ಗೋಡೆಯ ಮೇಲೊಂದು ದೊಡ್ಡ ಪರದೆ. ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆಂದು ಅದರಲ್ಲಿ ಅಂಕಿಗಳು ಕುಣಿಯುತ್ತಿದ್ದವು. ವರದಿಗಾರರು ಫೋನಿನಲ್ಲಿ ಒದರಿದ್ದನ್ನು ಹತ್ತು ನಿಮಿಷದಲ್ಲಿ ಸುದ್ದಿ ಮಾಡುವುದು ಅವಳ ಕೆಲಸ.

ಒಂದು ಮಧ್ಯಾಹ್ನ ಅಪರಾಧ ವರದಿಗಾರನ ಫೋನ್ ಬಂತು. ಪ್ರಶ್ನೆಪತ್ರಿಕೆ ಸೋರಿಕೆ, ಕಾಲೇಜಿನ ಮೇಷ್ಟ್ರೊಬ್ಬರನ್ನು ಬೆಳಿಗ್ಗೆ ಠಾಣೆಗೆ ಕರೆಸಿ ವಿಚಾರಿಸಿದ್ದಾರೆ. ಹೆಸರು ಕೇಳಿದ ಕೂಡಲೇ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು.

"ಸಾರ್, ಇವರು ನನ್ನ ಮೇಷ್ಟ್ರು. ಒಂದ್ಸಲ ಫೋನ್ ಮಾಡಿ ಕೇಳ್ತೀನಿ," ಎಂದಳು ಮುಖ್ಯ ಉಪಸಂಪಾದಕನಿಗೆ.

"ಕೇಳಿದ್ರೆ 'ಹೌದಪ್ಪಾ, ನಾನೇ ಕದ್ದೆ' ಅಂತಾರಾ? ಬೇರೆಯವರು ಹಾಕೋ ಮುಂಚೆ ನಮ್ಮಲ್ಲಿ ಬರಬೇಕು."

ಆದರೂ ಅವಳು ಫೋನ್ ಹಚ್ಚಿದಳು. ಒಂದು ರಿಂಗ್ ಆಯಿತು, ಎರಡಾಯಿತು. ಅವನು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. "ಅವರ ಫೋಟೋ ನಿನ್ನ ಹತ್ರ ಇರಬೇಕಲ್ಲ?"

ಅವಳು ಫೋನ್ ಕಟ್ ಮಾಡಿದಳು.

ಇದ್ದುದು ಬೀಳ್ಕೊಡುಗೆಯ ದಿನದ ಫೋಟೋ. ಪಕ್ಕದಲ್ಲಿ ನಿಂತಿದ್ದ ತನ್ನನ್ನು ಕತ್ತರಿಸಿ ತೆಗೆದಳು. ಭುಜದ ಒಂದು ಚೂರು ಉಳಿದಿತ್ತು, ಅದನ್ನೂ ತೆಗೆದಳು. 'ಪ್ರಶ್ನೆಪತ್ರಿಕೆ ಸೋರಿಕೆ: ಪತ್ರಿಕೋದ್ಯಮ ಪಾಠ ಹೇಳುವ ಮೇಷ್ಟ್ರೇ ಪೊಲೀಸರ ಬಲೆಗೆ.' ತಲೆಬರಹ ಅವಳದೇ. ಚುಟುಕಾಗಿ, ಓದುಗರನ್ನು ಹಿಡಿದು ನಿಲ್ಲಿಸುವಂತೆ ತಲೆಬರಹ ಕೊಡುವುದನ್ನು ಕಲಿಸಿದವರೂ ಅವರೇ.

ಮುಕ್ಕಾಲು ಗಂಟೆಯ ನಂತರ ಅವರ ಫೋನ್ ಬಂತು.

"ನಿನ್ನ ಮಿಸ್ಡ್ ಕಾಲ್ ಇತ್ತಲ್ಲಮ್ಮ. ಕ್ಲಾಸಲ್ಲಿದ್ದೆ. ಚೆನ್ನಾಗಿದ್ದೀಯಾ? ಏನು ಸಮಾಚಾರ?"

ಅವರಿನ್ನೂ ಏನನ್ನೂ ನೋಡಿರಲಿಲ್ಲ. ಆ ಕಡೆ ಯಾರೋ ಹುಡುಗರು ಜೋರಾಗಿ ನಕ್ಕರು. "ಒಂದ್ನಿಮಿಷ ಇರು," ಎಂದರು ಅವರು. ಯಾರೋ ಅವರಿಗೆ ಏನನ್ನೋ ತೋರಿಸುತ್ತಿದ್ದರು. ಅವಳ ತಲೆಬರಹವನ್ನು ಒಬ್ಬ ಗಟ್ಟಿಯಾಗಿ ಓದಿದ್ದು ಕೇಳಿಸಿತು. ಆಮೇಲೆ ಅವರು ಫೋನ್ ಇಟ್ಟರು.

ಸಂಜೆಯೊಳಗೆ ನಿಜ ಹೊರಬಿತ್ತು. ಪ್ರಶ್ನೆಪತ್ರಿಕೆ ಮಾರಿದವನು ಪರೀಕ್ಷಾ ವಿಭಾಗದ ಗುಮಾಸ್ತ. ಅವನ ಮೇಲೆ ದೂರು ಕೊಟ್ಟವರೇ ಮೇಷ್ಟ್ರು; ಹೇಳಿಕೆ ಕೊಡಲೆಂದು ಠಾಣೆಗೆ ಹೋಗಿದ್ದರು. ಮರುದಿನ ಅಚ್ಚಿನ ಪತ್ರಿಕೆಯ ಏಳನೇ ಪುಟದ ಮೂಲೆಯಲ್ಲಿ ಮೂರು ಸಾಲಿನ ವಿಷಾದ ಪ್ರಕಟವಾಯಿತು. ಅದನ್ನೂ ಅವಳೇ ಬರೆದಳು. ಮೊದಲಿನ ಸುದ್ದಿ ಆ ವಾರ ಅತಿ ಹೆಚ್ಚು ಓದಿಸಿಕೊಂಡಿತ್ತು. ಮುಖ್ಯ ಉಪಸಂಪಾದಕ ಎಲ್ಲರೆದುರು ಅವಳ ಬೆನ್ನು ತಟ್ಟಿದ.

ಮೇಷ್ಟ್ರು ಕಾಲೇಜಿಗೆ ಹೋಗುವುದನ್ನು ಬಿಟ್ಟರು. ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಶಿಳ್ಳೆ ಬರುತ್ತಿತ್ತಂತೆ. ಎರಡು ತಿಂಗಳಲ್ಲಿ ಸ್ವಯಂ ನಿವೃತ್ತಿ ಪಡೆದರೆಂದು ಅವಳಿಗೆ ಗೊತ್ತಾಯಿತು.

ಧೈರ್ಯ ಮಾಡಿ ಒಂದು ಭಾನುವಾರ ಅವರ ಮನೆಗೆ ಹೋದಳು. ಬಾಗಿಲು ತೆರೆದ ಅವರ ಹೆಂಡತಿ ಮುಖ ನೋಡದೆ ಒಳಗೆ ಹೋದರು. ಮೇಷ್ಟ್ರು ಹಳೆಯ ಉತ್ತರಪತ್ರಿಕೆಗಳನ್ನು ಕಟ್ಟುಕಟ್ಟಿ ರದ್ದಿಗೆ ಹಾಕುತ್ತಿದ್ದರು.

"ಸಾರ್, ನಾನು ಫೋನ್ ಮಾಡಿದ್ದೆ. ಆದ್ರೆ..."

"ಗೊತ್ತಮ್ಮ. ಎರಡು ರಿಂಗ್ ಆಗಿತ್ತು, ಜೇಬಲ್ಲಿ ಗುಂಯ್ ಅಂತು," ಎಂದರು. "ನಿನ್ನ ಮೇಲೆ ಕೋಪ ಇಲ್ಲ. ನಾನು ಕಲಿಸಿದ್ದು ನಿಮ್ಮ ಆಫೀಸಲ್ಲಿ ಕೆಲಸಕ್ಕೆ ಬರೋ ವಿದ್ಯೆ ಅಲ್ಲ. ಅದನ್ನ ನಾನು ಮೊದಲೇ ಹೇಳಬೇಕಿತ್ತು."

ಅವಳು ಬಿಕ್ಕಿದಳು. ಅವರ ಕೈ ಅವಳ ತಲೆಯ ಕಡೆ ಬಂತು, ಅರ್ಧದಲ್ಲೇ ನಿಂತಿತು.

"ಇನ್ಮೇಲೆ ಬರಬೇಡಮ್ಮ. ನೀನು ಬಂದ್ರೆ ನಾನೇ ಸಮಾಧಾನ ಮಾಡಬೇಕಾಗುತ್ತೆ. ಅಷ್ಟು ಶಕ್ತಿ ಈಗ ನನ್ನಲ್ಲಿಲ್ಲ."

ಅವಳು ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ಬಂದಳು. ಮೂರು ಗಂಟೆಗೆ ಪಾಳಿ ಇತ್ತು. ಬೇರೆ ಯಾವ ಕೆಲಸವೂ ಅವಳಿಗೆ ಗೊತ್ತಿರಲಿಲ್ಲ. ಬಸ್ ಬಂತು, ಹತ್ತಿದಳು.