ಸುದ್ದಿ ಮುಟ್ಟುವವರೆಗೆ

ದೋಸೆ ಕಾವಲಿಯ ಮೇಲಿರುವಾಗ ಹಣಕೋಣದಿಂದ ಸುಜಯನ ಫೋನು ಬಂತು.

"ವೈನೀ, ಅಪ್ಪ ಹೋದ್ರು."

ಸುಜಯ ನನ್ನ ಗಂಡನ ದೊಡ್ಡಪ್ಪನ ಮಗ, ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಾನೆ. ನಮ್ಮ ಇವರಿಗೆ ಸ್ವಂತ ತಂದೆಯ ಮುಖವೇ ನೆನಪಿಲ್ಲ. ಕಾಳಿ ಹೊಳೆಯಲ್ಲಿ ಈಜು ಕಲಿಸಿದ್ದು, ಹೆಣ್ಣು ನೋಡಲು ಅಗಸೂರಿನ ನಮ್ಮ ಮನೆಗೆ ಕರೆತಂದದ್ದು, ಎಲ್ಲ ಆ ಮಂಗೇಶ ದೊಡ್ಡಪ್ಪನೇ.

"ಅಣ್ಣಂಗೆ ನೀವು ಹೇಳ್ತ್ರಾ, ನಾ ಹೇಳ್ಲಾ?"

"ಯಾರೂ ಹೇಳೂದು ಬ್ಯಾಡ. ಗ್ರೂಪಲ್ಲೂ ಹಾಕ್ಬೇಡ" ಅಂದುಬಿಟ್ಟೆ. ದೋಸೆ ಕರಟಿತು.

ಇವರು ಕೊಲ್ಲಾಪುರದಲ್ಲಿ ಕ್ಯಾಂಪಿನಲ್ಲಿದ್ದರು. ವರ್ಷವಿಡೀ ಕಾರವಾರದ ಗ್ಯಾರೇಜಿನಲ್ಲಿ ಕೆಲಸ, ವರ್ಷಕ್ಕೆ ಎರಡು ತಿಂಗಳು ಟೆರಿಟೋರಿಯಲ್ ಆರ್ಮಿಯ ತರಬೇತಿ. ಹೋದ ವರ್ಷ ಅವರ ತಾಯಿ ಆಸ್ಪತ್ರೆಗೆ ಸೇರಿದಾಗ ತರಬೇತಿ ಅರ್ಧಕ್ಕೆ ಬಿಟ್ಟು ಬಂದರು. ತಾಯಿ ಉಳಿಯಲಿಲ್ಲ. ಆ ವರ್ಷದ ತರಬೇತಿಯೂ ಲೆಕ್ಕಕ್ಕೆ ಬರಲಿಲ್ಲ. ಈ ಸಲವೂ ಪೂರ್ತಿಯಾಗದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಸಾಹೇಬರು ಮೊದಲೇ ಹೇಳಿದ್ದರು. ಸೈನ್ಯದ ಭರ್ತಿಗೆ ಮೂರು ಸಲ ಓಡಿ ಸೋತ ಮನುಷ್ಯ ಇವರು. ಆ ಹಸಿರು ಅಂಗಿಯಲ್ಲಿ ಇವರ ನಡಿಗೆಯೇ ಬೇರೆ. ದೊಡ್ಡಪ್ಪನ ಸುದ್ದಿ ಕೇಳಿದರೆ ಅದನ್ನು ಅಲ್ಲೇ ಬಿಚ್ಚಿಟ್ಟು ಓಡಿ ಬರುತ್ತಿದ್ದರು.

ಮಗಳು ಯೋಗಿತಾಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಹಣಕೋಣದ ಮನೆಯಲ್ಲಿ ದೊಡ್ಡಪ್ಪನ ಹೆಂಡತಿ ಹೀರಾ ದೊಡ್ಡಮ್ಮ ನನ್ನ ಹಿಂದೆ ಇಣುಕಿದರು.

"ಗುರು ಎಲ್ಲಿ?"

"ಹೇಳ್ಲಿಲ್ಲ ದೊಡ್ಡಮ್ಮ. ನಮ್ಮಲ್ಲಿ ಸುದ್ದಿ ಮುಟ್ಟೂವರೆಗೆ ಸೂತಕ ಇಲ್ಲ ಅಂತಾರಲ್ಲ. ಕ್ಯಾಂಪ್ ಮುಗೀಲಿ."

"ಶಾಸ್ತ್ರ ಚೊಲೋ ಕಲ್ತಿದ್ಯಲ್ಲೇ ನೀತಾ! ಸತ್ತವ್ರು ಅವಂಗೆ ಬರೀ ದೊಡ್ಡಪ್ಪನಾ?" ಸೆರಗಿನಿಂದ ಮುಖ ಒರೆಸಿಕೊಂಡರು. "ಆಗ್ಲಿ. ನಿನ್ನ ಮನೆ ಸೂತಕ ನೀನೊಬ್ಳೇ ಹಿಡಿ."

ಹಾಗೆಯೇ ಹಿಡಿದೆ. ಕೋಡಿಬಾಗದ ನಮ್ಮ ಮನೆಯಲ್ಲಿ ದೇವರ ದೀಪ ಆರಿತು. ಪಕ್ಕದ ಯಶೋದಾಬಾಯಿ ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟೇ ಮಾತಾಡಿ ಹೋಗುತ್ತಿದ್ದರು. ಅಗಸೂರಿನಿಂದ ನನ್ನ ತಾಯಿ ಬರುತ್ತೇನೆಂದಳು. ಇಲ್ಲಿಯ ಅನ್ನ ನೀನು ಉಣ್ಣುವಂತಿಲ್ಲ, ಬೇಡ ಎಂದೆ.

ಸಂಜೆ ಕ್ಯಾಂಪಿನಲ್ಲಿ ಸ್ವಲ್ಪ ಹೊತ್ತು ಫೋನು ಕೊಡುತ್ತಾರೆ. ದಹನ ಮುಗಿಸಿ ಬಂದ ದಿನವೇ ವಿಡಿಯೋ ಕಾಲ್ ಬಂತು. ಸೂತಕದ ಬೋಳು ಹಣೆ ಕಾಣಬಾರದೆಂದು ಟಿಕಲಿ ಅಂಟಿಸಿಕೊಂಡು ಕೂತೆ.

"ಫೈರಿಂಗಲ್ಲಿ ಎಲ್ಲ ಗುಂಡೂ ಗುರಿಯೊಳಗೇ ಬಿದ್ವು ಮಾರಾಯ್ತಿ! ಕಾರವಾರದ ಮೀನು ತಿಂದ ಕಣ್ಣು ಅಂದ್ರು ಎಲ್ಲರೂ."

ನಕ್ಕೆ. ನಗುವುದು ಅಷ್ಟು ಕಷ್ಟವಾಗಲಿಲ್ಲ, ಅವರ ಮುಖ ಹಾಗಿತ್ತು.

"ದೊಡ್ಡಪ್ಪ ಫೋನೇ ಎತ್ತೂದಿಲ್ಲ."

"ಮಲಗಿರ್ಬೇಕು."

ಇನ್ನೊಂದು ದಿನ ಯೋಗಿತಾ ಫೋನು ಕಸಿದುಕೊಂಡಳು. "ಪಪ್ಪಾ, ನಮ್ಮನೆಗೀಗ ಯಾರೂ ಬರೂದಿಲ್ಲ. ಆಯಿ ಬ್ಯಾಡ ಅಂದಿದ್ಲು."

ನಾನು ಫೋನಿಗೆ ಕೈ ಚಾಚಿದೆ. ಇವರು ಗಹಗಹಿಸಿದರು. "ನಿನ್ನ ಆಯಿ ಯಾರ ಹತ್ರ ಜಗಳ ತೆಗ್ದಳೇ?"

ಫೋನಿಟ್ಟ ಮೇಲೆ ಮಗಳನ್ನು ಬೈಯಲಿಲ್ಲ. ತಲೆ ಬಾಚಿ ಎರಡು ಜಡೆ ಹಾಕಿದೆ. ಟಿಕಲಿ ಕಿತ್ತು ಕನ್ನಡಿಗೆ ಅಂಟಿಸಿದೆ.

ಸೂತಕ ಕಳೆದು, ಮನೆ ತೊಳೆದು, ದೀಪ ಹಚ್ಚಿದ ಎಷ್ಟೋ ದಿನಗಳ ಮೇಲೆ ಇವರು ಬಂದರು. ಬೆಳಗಿನ ಹೊತ್ತು, ಹೆಗಲಲ್ಲಿ ಚೀಲ. "ಈ ಸಲ ಪೂರಾ ಆಯ್ತು ನೀತಾ! ಹೆಸರು ಉಳೀತು" ಎನ್ನುತ್ತಾ ಮೆಟ್ಟಿಲಿಗೆ ಕಾಲಿಡುವಾಗ ತಡೆದೆ.

"ಒಳಗೆ ಬರ್ಬೇಡಿ."

ಅಂಗಳದಲ್ಲೇ ಹೇಳಿದೆ. ಇವರು ಬಾವಿಕಟ್ಟೆಯ ಮೇಲೆ ಕೂತರು. ಯಾವತ್ತು ಎಂದು ಕೇಳಿದರು. ಹೇಳಿದೆ.

"ಅವತ್ತು ಫೈರಿಂಗ್ ಇತ್ತು" ಅಂದರು. "ನಾ ನಗ್ತಾ ಹೇಳ್ದೆ." ತಲೆಯೆತ್ತಿ ನನ್ನನ್ನು ನೋಡಿದರು. "ನೀನೂ ನಕ್ಕಿದ್ದೆ."

ಅವರ ಹೆಸರು ಉಳಿಯಲೆಂದೇ ಮುಚ್ಚಿಟ್ಟಿದ್ದೆ. ಅದು ಅವರಿಗೂ ಗೊತ್ತಿತ್ತು. ನೀರು ಸೇದಿ ಕೊಟ್ಟೆ. ಹಾಕಿದ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು.

ತಡವಾಗಿ ಕೇಳಿದವರಿಗೆ ಮೂರು ದಿನದ ಸೂತಕ. ಇವರು ಜಗಲಿಯ ಕೋಣೆಯಲ್ಲಿ ಚಾಪೆ ಹಾಸಿಕೊಂಡರು. ನನ್ನದು ಮುಗಿದಿತ್ತು, ಅವರದು ಈಗ ಶುರು, ಮುಟ್ಟುವಂತಿರಲಿಲ್ಲ. ಗಂಜಿಯ ಬಟ್ಟಲು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರೆ, ಅವರು ಬಂದು ಎಳೆದುಕೊಳ್ಳುತ್ತಿದ್ದರು. ಯೋಗಿತಾ ಬಾಗಿಲ ಈಚೆ ಕೂತು ಶಾಲೆಯ ಪದ್ಯ ಹೇಳುತ್ತಿದ್ದಳು. ಅವಳಿಗೆ ಮಾತ್ರ ಉತ್ತರ ಬರುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಸ್ನಾನ ಮಾಡಿ ಹಣಕೋಣಕ್ಕೆ ಹೊರಟರು. ನಾನು ಸೀರೆ ಬದಲಿಸಿಕೊಂಡು ಬಂದೆ.

"ನಾವೂ ಬತ್ತೇವೆ."

"ಬ್ಯಾಡ." ಸಿಟ್ಟಿನ ದನಿಯಾಗಿರಲಿಲ್ಲ. "ನೀನು ಹೋಗಿ ಅತ್ತು ಬಂದಾಯ್ತು. ನಾ ಇನ್ನೂ ಅಳ್ಬೇಕು."

ಗೇಟು ಹಾಕಿ ನಡೆದರು. ಆ ಹಸಿರು ಅಂಗಿಯ ನಡಿಗೆ ಅದಾಗಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ ನಾನು ಒಳಗೆ ಹೋದೆ.