ಉಳಿದ ಅರ್ಧ ಮರ

ನಮ್ಮ ಕಡೆ ಆಲಿವ್ ಕೊಯ್ಲು ಮುಗಿಯುವುದೂ ಹೊಸ ಆಟಗಾರರನ್ನು ಸೇರಿಸಿಕೊಳ್ಳುವ ಗಡುವು ಮುಗಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಆ ವರ್ಷ ನಮ್ಮೂರ ಫುಟ್‌ಬಾಲ್ ತಂಡ ಪಟ್ಟಿಯ ತಳದಲ್ಲಿತ್ತು. ಕೆಳಗಿನ ದರ್ಜೆಗೆ ಇಳಿದರೆ ಮೈದಾನ ಕುರಿಸಂತೆಗೆ ಹೋಗುವುದೆಂದು ಪುರಸಭೆಯವರು ಹೇಳಿಬಿಟ್ಟಿದ್ದರು. ಆ ಮೈದಾನದ ಕಲ್ಲುಗಳನ್ನು ಹುಡುಗನಾಗಿದ್ದಾಗ ಅಪ್ಪನ ಕತ್ತೆಯ ಮೇಲೆ ಹೇರಿ ಹೊರಗೆ ಸಾಗಿಸಿದವನು ಹಮ್ಮಾದಿ. ಈಗ ಕ್ಲಬ್ಬಿನ ಅಧ್ಯಕ್ಷ.

ಒಬ್ಬನನ್ನು ಮಾತ್ರ ತರಬಹುದಿತ್ತು. ಹಮ್ಮಾದಿಯೂ ತರಬೇತುದಾರ ಮೊಂಜಿಯೂ ಚಹಾದಂಗಡಿಯಲ್ಲಿ ಕೂತು ಅಳೆದು ನೋಡಿದರು.

"ಗೋಲು ಕಾಯೋ ಗೋಲಿ ಶುಕ್ರಿ ಬೇಕಂದ್ರೆ ಕ್ಲಬ್ಬಿನ ವ್ಯಾನ್ ಮಾರಿ ಕಾಸು ಕೊಡಬೇಕು. ಗೋಲ್ ಹೊಡೆಯೋ ಹತ್ತಾಬ್‌ಗೆ ಕಾಸು ಕೊಡಬೇಕಿಲ್ಲ. ಅವನ ಹಳೇ ಕ್ಲಬ್ಬು ಅವನನ್ನ ಬಿಟ್ಟುಕೊಟ್ಟಾಯ್ತು," ಅಂದ ಹಮ್ಮಾದಿ.

"ಕಾಸು ಬೇಡ, ಆದ್ರೆ ಅವನ ಅಪ್ಪ ಇದ್ದಾನಲ್ಲ."

ಹತ್ತಾಬ್‌ನ ಅಪ್ಪ ಲಾಮಿನ್‌ನದು ಒಂದೇ ಷರತ್ತು. ತೋಟದ ಕೊನೆಯ ಮರ ಬರಿದಾಗದೆ ಮಗ ರುಜು ಹಾಕುವಂತಿಲ್ಲ. ಅವಸರವಿದ್ದರೆ ತಂಡವೇ ಬಂದು ಕೊಯ್ಯಲಿ.

"ಗೋಲ್ ಹೊಡೆಯೋನು ಬಂದ್ರೆ ಚಂದವೇ," ಅಂದ ಮೊಂಜಿ. "ಆದ್ರೆ ನಮ್ಮ ಗೋಲಿ ತಿಜಾನಿಗೆ ನಲವತ್ತಾಯ್ತು. ಇನ್ನೊಬ್ಬ ಗೋಲಿ ಸಂಬಳ ಇಲ್ಲ ಅಂತ ಊರು ಬಿಟ್ಟ. ಇವನ ಎರಡು ಕೈ ಬಿಟ್ರೆ ನಮಗೆ ಬೇರೆ ಕೈಯಿಲ್ಲ."

"ವ್ಯಾನ್ ಮಾರಿ ಪರವೂರಿನ ಆಟಕ್ಕೆ ಕತ್ತೆ ಮೇಲೆ ಹೋಗ್ತೀಯೇನೋ, ಮೊಂಜಿ?"

ಹಮ್ಮಾದಿಯ ಮಾತೇ ನಡೆದು ತಂಡ ಲಾಮಿನ್‌ನ ತೋಟಕ್ಕಿಳಿಯಿತು. ಬೆರಳುಗಳಿಗೆ ಟಗರಿನ ಕೊಂಬಿನ ಟೊಳ್ಳು ತುದಿಗಳನ್ನು ತೊಟ್ಟು ಕೊಂಬೆಗಳನ್ನು ಬಾಚಿ ಕಾಯಿ ಉದುರಿಸಿದರು. ತಿಜಾನಿಯನ್ನು ಕೆಳಗೆ ಬಲೆ ಹಾಸಲು ಬಿಡು ಎಂದು ಮೊಂಜಿ ಕೇಳಿಕೊಂಡ. ಉದ್ದ ತೋಳಿನವನು ಕೆಳಗೆ ಕೂತರೆ ಗಡುವಿಗೆ ಮುಗಿಯದು ಎಂದು ಹಮ್ಮಾದಿಯೇ ಅವನನ್ನು ಏಣಿ ಹತ್ತಿಸಿದ.

"ನೋಡ್ರೋ, ನಿಮ್ಮ ಗೋಲಿ ಇಲ್ಲಾದ್ರೂ ಏನಾದ್ರೂ ಹಿಡೀತಾನೆ," ಎಂದು ಲಾಮಿನ್ ರೇಗಿಸುತ್ತಿದ್ದ. ತಿಜಾನಿಯೂ ನಗುತ್ತಿದ್ದ.

ಗಡುವಿನ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಮರ ಉಳಿದಿತ್ತು. ತುದಿಯ ಗೊಂಚಲಿಗೆ ತಿಜಾನಿ ಚೆಂಡಿಗೆ ಚಾಚುವಂತೆ ಮೈಯೆಲ್ಲ ಚಾಚಿದ. ಏಣಿ ಜಾರಿತು. ಬಿದ್ದವನು ಕೈ ಮೇಲೆ ಬಿದ್ದ. ಮಣಿಕಟ್ಟು ಸೊಟ್ಟಗಾಗಿದ್ದು ಎಲ್ಲರಿಗೂ ಕಂಡಿತು.

ಅವನನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕಳಿಸಿ ಹಮ್ಮಾದಿ ಶುಕ್ರಿಗೆ ಫೋನು ಮಾಡಿದ. "ವ್ಯಾನ್ ಮಾರಿ ಕಾಸು ಕೊಡ್ತೀನಪ್ಪ. ಈಗಲೇ ಹೂಂ ಅನ್ನು."

"ಬೆಳಿಗ್ಗೆಯೇ ಬೇರೆ ಕಡೆ ರುಜು ಹಾಕಿದೆ, ಕಾಕಾ. ನೀವು ಆಲಿವ್ ಕೊಯ್ತಿದ್ದೀರಿ ಅಂತ ಕೇಳಿದ್ದೆ."

ಹಮ್ಮಾದಿ ಫೋನನ್ನು ಜೇಬಿಗಿಟ್ಟ. ಮೊಂಜಿ ಬಿದ್ದ ಏಣಿಯನ್ನು ಎತ್ತಿ ಮರಕ್ಕೆ ಒರಗಿಸಿದ. ಮರ ಅರ್ಧ ಬರಿದಾಗಿತ್ತು, ಅರ್ಧ ಕರ್ರಗೆ ತುಂಬಿತ್ತು. ಹತ್ತಾಬ್ ರುಜು ಹಾಕಿದ ಕಾಗದ ಪಟ್ಟಣದ ಕಚೇರಿ ಸೇರಲು ಸಂಜೆಯವರೆಗೆ ಸಮಯ.

"ಹತ್ತಾಬ್, ಭಾನುವಾರ ನೀನು ಗೋಲಿನಲ್ಲಿ ನಿಲ್ಲಬೇಕು."

ಹತ್ತಾಬ್ ತನ್ನ ಬೆರಳಿನ ಕೊಂಬುಗಳನ್ನೇ ನೋಡಿದ. "ನಾನು ಗೋಲ್ ಹೊಡೆಯೋನು, ಕಾಕಾ. ನಾನು ಅಲ್ಲಿ ನಿಂತ್ರೆ ಹೊಡೆಯೋರು ಯಾರು?"

"ಗೊತ್ತಿಲ್ಲ. ನೀನು ಒಂದೂ ಒಳಗೆ ಬಿಡಬೇಡ. ಸೊನ್ನೆ-ಸೊನ್ನೆ ಆದ್ರೂ ಒಂದು ಅಂಕ ಸಿಗುತ್ತೆ."

"ಮಾತು ಆಮೇಲೆ," ಅಂದ ಲಾಮಿನ್. ದನಿಯಲ್ಲಿ ಮೊದಲಿನ ಕುಚೋದ್ಯವಿರಲಿಲ್ಲ, ಆದರೂ ಷರತ್ತು ಷರತ್ತೇ. "ಮರ ಇನ್ನೂ ಅರ್ಧ ಇದೆ."

ತಿಜಾನಿ ಬಿದ್ದಲ್ಲಿ ಅವನ ಕೊಂಬಿನ ತುದಿಗಳು ಬಲೆಯೊಳಗೆ ಕಾಯಿಗಳ ನಡುವೆ ಚೆಲ್ಲಿದ್ದವು. ಹಮ್ಮಾದಿ ಒಂದೊಂದಾಗಿ ಹುಡುಕಿ ಬೆರಳಿಗೆ ತೊಟ್ಟುಕೊಂಡ. ಸಡಿಲವಾಗಿದ್ದವು.

"ಏಣಿ ಹಿಡ್ಕೋ, ಮೊಂಜಿ," ಎಂದು ಹತ್ತಿದ.