ಪರಲೋಕದಲ್ಲೂ ವಾರಗಿತ್ತಿ

ಯಾರದೋ ಕೋಟಿನ ತೋಳು ಗಿಡ್ಡ ಮಾಡುತ್ತ ಕೂತಿದ್ದಾಗ ದೊಡ್ಡಮ್ಮನ ಎದೆಯಲ್ಲಿ ಚಳುಕು ಬಂತು. ಸೂಜಿ ಬಟ್ಟೆಯಲ್ಲೇ ಉಳಿಯಿತು, ದೊಡ್ಡಮ್ಮ ಆಸ್ಪತ್ರೆ ಸೇರಿದಳು. ಡಾಕ್ಟರು ಮೈಗೆಲ್ಲ ತಂತಿ ಅಂಟಿಸಿ, ಮಿಷನ್ನಿಂದ ಬಂದ ಕಾಗದ ಎಳೆದು ನೋಡಿ, "ಗ್ಯಾಸು, ಮನೆಗೆ ಹೋಗಿ" ಅಂದುಬಿಟ್ಟರು. ಅಷ್ಟು ದೊಡ್ಡ ಭಯಕ್ಕೆ ಇಷ್ಟು ಸಣ್ಣ ಹೆಸರೇ ಅಂತ ದೊಡ್ಡಮ್ಮನಿಗೆ ಅವಮಾನವೇ ಆಯಿತು. ಗ್ಯಾಸೋ ಗೀಸೋ, ಕರ್ತನಾದ ದೇವರು ಒಂದು ಸಲ ಬಾಗಿಲು ತಟ್ಟಿದ್ದಂತೂ ನಿಜ, ಇನ್ನು ಆತ್ಮ ಸಿದ್ಧ ಮಾಡಿಕೊಳ್ಳಬೇಕು ಅಂತ ತೀರ್ಮಾನಿಸಿದಳು.

ಆಕೆಯನ್ನು ಮನೆಯವರಷ್ಟೇ ಅಲ್ಲ, ಚರ್ಚಿನವರೆಲ್ಲ ದೊಡ್ಡಮ್ಮ ಅಂತಲೇ ಕರೆಯುವುದು. ಬಸ್ಸು ಓಡಿಸಿ ನಿವೃತ್ತನಾದ ಗಂಡ ಆ ಲೆಕ್ಕದಲ್ಲಿ ದೊಡ್ಡಪ್ಪ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ದಪ್ಪಗಾದವರ ಬಿಗಿ ಬಟ್ಟೆ, ಬಡಕಲಾದವರ ಜೋಲು ಬಟ್ಟೆ. ದೊಡ್ಡಮ್ಮ ಹೊಸದು ಹೊಲಿಯುವವಳಲ್ಲ, ಹಳೆಯದನ್ನು ಬಿಚ್ಚಿ ಸರಿಮಾಡುವವಳು. ಆದರೆ ಈ ಸಲ ಬಿಳಿ ಬಟ್ಟೆ ತಂದು ಹೊಸದೇ ಒಂದು ನಿಲುವಂಗಿ ಹೊಲಿಯತೊಡಗಿದಳು.

"ಇದ್ಯಾರದು?" ಅಂದ ದೊಡ್ಡಪ್ಪ.

"ನಂದೇ. ಪೆಟ್ಟಿಗೇಲಿ ಮಲಗೋವಾಗ ಹಾಕೋಕೆ."

ದೊಡ್ಡಪ್ಪ ಅಂಗಿಯ ಒಳಮಗ್ಗುಲು ತಿರುವಿ ನೋಡಿದ. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಅಂತ ಎರಡೂ ಪಕ್ಕ ಬೆರಳಗಲ ಬಟ್ಟೆ ಮಡಚಿ ಬಿಟ್ಟಿತ್ತು.

"ಅಲ್ಲಿ ಹೋಗಿ ದಪ್ಪ ಆಗೋ ಯೋಚನೆ ಇದೆಯಾ?"

"ಕೈ ಅಭ್ಯಾಸ ರೀ ಅದು. ನಗಬೇಡಿ. ನಾನು ಆತ್ಮ ಸಿದ್ಧ ಮಾಡ್ಕೊಳ್ತಾ ಇದ್ದೀನಿ."

"ಸರಿ, ಆತ್ಮದ ಅಳತೆ ತಗೊಂಡ್ಯಾ?"

ಇಂಥ ಗಂಡನನ್ನು ಕಟ್ಟಿಕೊಂಡು ಪರಲೋಕ ಸೇರುವುದು ಸುಲಭವಲ್ಲ ಅಂತ ದೊಡ್ಡಮ್ಮ ನಿಟ್ಟುಸಿರು ಬಿಟ್ಟಳು.

ಆಸ್ಪತ್ರೆಯ ಸುದ್ದಿ ಕೇಳಿ ಮರುದಿನ ಪಾಸ್ಟರು ಬಂದರು. ಎಳೆ ವಯಸ್ಸು, ಮೆಲುಮಾತಿನ ಮನುಷ್ಯ. ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ರಕ್ಷಣೆ ಅನ್ನುವುದು ನಾವು ದುಡಿದು ಗಳಿಸುವಂಥದ್ದಲ್ಲ, ದೇವರು ಪುಕ್ಕಟೆ ಕೊಡುವುದು, ಮಾರುಮನಸ್ಸಾಗಿ, ಅಂದರೆ ಮಾಡಿದ ತಪ್ಪಿಗೆ ಮರುಗಿ, ಕೈ ಚಾಚಿದರೆ ಸಾಕು ಅಂತ ವಿವರಿಸಿದರು. ದೊಡ್ಡಮ್ಮ ಮಿಷನ್ನು ತುಳಿಯುತ್ತಲೇ ಕೇಳಿಸಿಕೊಂಡಳು.

"ಅಲ್ಲಿ ನೋವಿಲ್ಲ, ಅಳು ಇಲ್ಲ ದೊಡ್ಡಮ್ಮ. ನಮ್ಮವರೆಲ್ಲ ಒಟ್ಟಿಗೆ ಇರ್ತೀವಿ."

"ನಮ್ಮವರೆಲ್ಲ ಅಂದ್ರೆ?"

"ಕರ್ತನನ್ನ ನಂಬಿದೋರೆಲ್ಲ. ನಿಮ್ಮ ತಂದೆತಾಯಿ, ತೀರಿಹೋದ ನಿಮ್ಮ ಅತ್ತೆ, ನೀವು, ಚಿಕ್ಕಮ್ಮ..."

ಮಿಷನ್ನು ಗಕ್ಕನೆ ನಿಂತಿತು.

ಚಿಕ್ಕಮ್ಮ ಅಂದರೆ ದೊಡ್ಡಮ್ಮನ ಮೈದುನನ ಹೆಂಡತಿ. ಎರಡು ಬೀದಿ ಆಚೆ ಬೇಕರಿ ನಡೆಸುತ್ತಾಳೆ. ಅತ್ತೆ ತೀರಿಕೊಂಡಾಗಿನಿಂದ ಈ ವಾರಗಿತ್ತಿಯರ ನಡುವೆ ಮಾತಿಲ್ಲ, ಕತೆಯಿಲ್ಲ. ಚರ್ಚಿನಲ್ಲಿ ಒಬ್ಬಳು ಈ ಕೊನೆ, ಇನ್ನೊಬ್ಬಳು ಆ ಕೊನೆ. ಅಕ್ಕಪಕ್ಕದವರ ಕೈ ಕುಲುಕಿರಿ ಅಂತ ಪಾಸ್ಟರು ಹೇಳಿದ ಕೂಡಲೇ ದೊಡ್ಡಮ್ಮನ ಹಾಡಿನ ಪುಸ್ತಕ ಬೆಂಚಿನ ಕೆಳಗೆ ಬೀಳುತ್ತದೆ, ಎಲ್ಲರೂ ಕುಲುಕಿ ಮುಗಿಸುವ ತನಕ ಸಿಗುವುದಿಲ್ಲ.

"ಪರಲೋಕ ದೊಡ್ಡದೇ ಇರುತ್ತಲ್ವಾ ಪಾಸ್ಟರೇ? ಬೇರೆ ಬೇರೆ ಬೀದಿ ಇರಬಹುದು?"

"ಇದ್ರೂ ಇರಬಹುದು. ಕಾಂಪೌಂಡ್ ಗೋಡೆ ಮಾತ್ರ ಇರಲ್ಲ."

"ನಿತ್ಯಜೀವ ಅಂದ್ರೆ, ನಿತ್ಯವೂ ಮುಖ ನೋಡಲೇಬೇಕಾ? ಭಾನುವಾರ ಭಾನುವಾರ ಆದ್ರೆ ಸಾಲದಾ?"

ಪಾಸ್ಟರು ಕೆಮ್ಮಿ ನಗು ನುಂಗಿಕೊಂಡರು. ದೊಡ್ಡಮ್ಮ ಬಿಡಲಿಲ್ಲ. "ಹೋಗ್ಲಿ, ಮನೇಲೇ ಮೊಣಕಾಲೂರಿ ಅವಳನ್ನ ಕ್ಷಮಿಸಿಬಿಡ್ತೀನಿ. ಅಷ್ಟಾದ್ರೆ ನನ್ನ ಆತ್ಮ ಸಿದ್ಧ ಆದ ಹಾಗಲ್ವಾ?"

"ತಪ್ಪು ಅವರದ್ದಾದ್ರೆ ಅಷ್ಟು ಸಾಕು. ನಿಮ್ಮದಾಗಿದ್ರೆ ಅವರ ಹತ್ರ ಹೋಗಿ ಒಪ್ಕೊಳ್ಳಬೇಕು. ಯಾರದ್ದು ದೊಡ್ಡಮ್ಮ?"

"ದೇವರಿಗೇ ಗೊತ್ತು" ಅಂದಳು ದೊಡ್ಡಮ್ಮ.

ದೇವರಿಗೆ ಗೊತ್ತಿತ್ತು, ಅದು ಸರಿಯೇ. ದೊಡ್ಡಮ್ಮನಿಗೂ ಗೊತ್ತಿತ್ತಲ್ಲ, ಅದೇ ಫಜೀತಿ. ಅತ್ತೆ ಹಾಸಿಗೆ ಹಿಡಿದಿದ್ದಾಗ ಇಬ್ಬರು ಸೊಸೆಯರೂ ಸೇವೆ ಮಾಡಿದ್ದರು. ದೊಡ್ಡಮ್ಮ ನಿದ್ದೆಗೆಟ್ಟು ಬೆನ್ನು ಒರೆಸಿದಳು, ಹಾಸಿಗೆ ಒಗೆದಳು. ಅತ್ತೆಯ ಬಾಯಲ್ಲಿ ಮಾತ್ರ ಯಾವಾಗಲೂ ಕಿರಿಸೊಸೆಯ ಸೂಪಿನ ಗುಣಗಾನ. ದೊಡ್ಡಮ್ಮನ ಹೊಟ್ಟೆ ಉರಿದುಹೋಗಿತ್ತು. ಅಂಥದ್ದೇ ಒಂದು ಬೆಳಿಗ್ಗೆ ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿ ಹೇಳಿದ್ದಳು: "ಅಕ್ಕಾ, ಈ ಒಲೆ ಮತ್ತೆ ಆರಿಹೋಯ್ತು. ಸಾಯ್ಲಿ ಬಿಡಿ, ಎಷ್ಟೂಂತ ಹೆಣಗೋದು."

ಸಾಯ್ಲಿ ಬಿಡಿ! ನಾವೆಲ್ಲ ದಿನಕ್ಕೆ ಎಷ್ಟು ಸಲ ಅನ್ನುವ ಮಾತು ಅದು. ಬಸ್ಸು ತಪ್ಪಿದರೆ ಸಾಯ್ಲಿ ಬಿಡಿ, ಹಾಲು ಉಕ್ಕಿದರೆ ಸಾಯ್ಲಿ ಬಿಡಿ. ಅದರಿಂದ ಇದುವರೆಗೆ ಒಂದು ನೊಣವೂ ಸತ್ತಿಲ್ಲ. ಆದರೆ ಮಲಗಿದ್ದಲ್ಲಿಂದ ಅತ್ತೆ "ಏನಂತೆ ಅವಳದು?" ಅಂದಾಗ, ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಹೇಳಿದ್ದು ಇಷ್ಟು: "ಸಾಯ್ಲಿ ಬಿಡಿ, ಎಷ್ಟೂಂತ ಹೆಣಗೋದು ಅಂತಿದ್ದಾಳೆ ಅತ್ತೆ." ಒಂದಕ್ಷರ ಕೂಡಿಸಲಿಲ್ಲ. ಒಲೆಯನ್ನು ಮಾತ್ರ ಬಿಟ್ಟಳು.

ನಾನೇನೂ ಸುಳ್ಳು ಹೇಳಿಲ್ಲ ಅಂತ ದೊಡ್ಡಮ್ಮ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿ ಹೇಳಿ ಚಿಕ್ಕಮ್ಮನ ಮೇಲೇ ಸಿಟ್ಟು ಬರಿಸಿಕೊಂಡಿದ್ದಳು. ಪಾಸ್ಟರು ಹೋದ ಮೇಲೆ ಆ ಬಿಳಿ ನಿಲುವಂಗಿಯ ಅಂಚು ಮಡಚಲು ಕೂತರೆ ಮೂರು ಸಲ ಹೊಲಿಗೆ ಸೊಟ್ಟಗಾಯಿತು. ನನಗೆ ನರಕವೇ ಗತಿ ಅಂತ ಆಕೆಗೆ ನಿಜವಾಗಿಯೂ ಹೆದರಿಕೆಯಾಯಿತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಬೇಕರಿಯಲ್ಲಿ ಚಿಕ್ಕಮ್ಮ ಬ್ರೆಡ್ಡು ಕೊಯ್ಯುತ್ತಿದ್ದಳು. ತಲೆ ಎತ್ತಿ, ಯಾರೋ ಗಿರಾಕಿಯನ್ನು ಕೇಳುವ ಹಾಗೆ, "ಏನು ಬೇಕಿತ್ತು?" ಅಂದಳು.

"ಒಂದು ಬ್ರೆಡ್ಡು" ಅಂದುಬಿಟ್ಟಳು ದೊಡ್ಡಮ್ಮ. ತಗೊಂಡು ಹೊರಗೆ ಹೋದಳು. ಅಂಗಡಿ ಮೆಟ್ಟಿಲ ಮೇಲೆ ನಿಂತು ದೇವರನ್ನು ನೆನೆದು ಮತ್ತೆ ಒಳಗೆ ಬಂದು ಬನ್ನು ಕೇಳಿದಳು. ಮತ್ತೊಂದು ಸಲ ಬಂದು ಬಿಸ್ಕತ್ತು ಕೇಳಿದಳು. ರಕ್ಷಣೆ ಪುಕ್ಕಟೆ ಅಂತ ಪಾಸ್ಟರು ಹೇಳಿದ್ದರೂ ದೊಡ್ಡಮ್ಮನ ಕಂಕುಳು ತುಂಬಿಹೋಗಿತ್ತು. ನಾಲ್ಕನೇ ಸಲ ಬಂದಾಗ ಚಿಕ್ಕಮ್ಮನೇ ಕೇಳಿದಳು, "ಮನೇಲಿ ಏನಾದ್ರೂ ಪಾರ್ಟಿನಾ?"

"ಅವತ್ತು ನೀನು ಹೇಳಿದ್ದು ಒಲೆಗೆ" ಅಂದಳು ದೊಡ್ಡಮ್ಮ. "ಪೂರ್ತಿ ಕೇಳಿಸಿತ್ತು ನನಗೆ. ಅತ್ತೆಗೆ ಬೇಕಂತಲೇ ಅರ್ಧ ಹೇಳಿದೆ. ನಿನ್ನ ಸೂಪಿನ ಮೇಲಿನ ಹೊಟ್ಟೆಕಿಚ್ಚು."

ಚಿಕ್ಕಮ್ಮ ಚಾಕು ಕೆಳಗಿಟ್ಟಳು.

"ಪೂರ್ತಿ ಕೇಳಿಸಿತ್ತಾ? ನಿಮಗೆ ಕಿವಿ ಮಂದ ಅಂದ್ಕೊಂಡಿದ್ದೆ ಅಕ್ಕ. ಪಾಪ, ಅರ್ಧ ಕೇಳಿಸ್ಕೊಂಡಿರಬೇಕು ಅಂತ ಸುಮ್ಮನಿದ್ದೆ. ನಿಮ್ಮ ಕಿವಿಗೋಸ್ಕರ ಪ್ರಾರ್ಥನೆ ಬೇರೆ ಮಾಡ್ತಿದ್ದೆ."

ದೊಡ್ಡಮ್ಮನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಕ್ಷಮಿಸ್ತೀಯಾ?" ಅಂದಳು.

ಚಿಕ್ಕಮ್ಮ ಗಲ್ಲಾ ಪೆಟ್ಟಿಗೆಯ ಪಕ್ಕ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ ಅದೇ ಬಟ್ಟೆಯಿಂದ ಕಣ್ಣು ಒರೆಸಿಕೊಂಡಳು.

"ನನ್ನದಿರಲಿ ಅಕ್ಕ. ಕ್ಷಮಿಸಿದೀನಿ ಅಂತಲೇ ಇಟ್ಕೊಳ್ಳಿ. ಅತ್ತೆ? ಒಲೆಗೆ ಅಂದಿದ್ದು ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ, ಕೊನೇ ಗುಟುಕು ನೀರೂ ನನ್ನ ಕೈಯಿಂದ ಕುಡೀಲಿಲ್ಲ ಅವರು. ಅದನ್ನೇ ನಂಬ್ಕೊಂಡು ಹೋದ್ರು. ಪರಲೋಕ ಅಂತ ಪಾಸ್ಟರು ಬಾಯಿ ತೆಗೆದ್ರೆ ನನಗೆ ಎದೆ ಡವಡವ ಅನ್ನುತ್ತೆ. ಅಲ್ಲಿಗೆ ಹೋದ ಮೇಲೂ ಅವರು ಮುಖ ತಿರುಗಿಸಿದ್ರೆ?"

ದೊಡ್ಡಮ್ಮ ತನ್ನ ಆತ್ಮ, ತನ್ನ ನಿಲುವಂಗಿ, ತನ್ನ ರಕ್ಷಣೆ ಅಂತ ಒದ್ದಾಡಿದ್ದೇ ಆಯಿತು. ಇನ್ನೊಬ್ಬಳ ಪರಲೋಕವನ್ನು ತಾನೇ ಕೆಡಿಸಿಟ್ಟಿರುವುದು ಆಕೆಗೆ ಹೊಳೆದೇ ಇರಲಿಲ್ಲ. ಬ್ರೆಡ್ಡು, ಬನ್ನು, ಬಿಸ್ಕತ್ತನ್ನೆಲ್ಲ ಮೇಜಿನ ಮೇಲೆ ಸುರಿದು ಚಿಕ್ಕಮ್ಮನ ಹಿಟ್ಟು ಮೆತ್ತಿದ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಹೇಳ್ತೀನಿ ಅತ್ತೆಗೆ. ಕಾಲಿಟ್ಟ ತಕ್ಷಣ ಮೊದಲು ಅದೇ ಕೆಲಸ. ಅವರ ಕಾಲು ಹಿಡಿದು ಹೇಳ್ತೀನಿ. ಆದ್ರೆ ನೀನು ನನಗಿಂತ ಮುಂಚೆ ಹೋಗೋ ಹಾಗಿಲ್ಲ, ಗೊತ್ತಾಯ್ತಾ? ಒಂದು ಕೆಮ್ಮು ಬಂದ್ರೂ ಡಾಕ್ಟರ ಹತ್ರ ಓಡು. ರಸ್ತೆ ದಾಟೋವಾಗ ಎರಡೂ ಕಡೆ ನೋಡು. ನಾನು ಹೋಗಿ ಹೇಳಿ ಮುಗಿಸೋ ತನಕ ನೀನು ಆ ಕಡೆ ತಲೆ ಹಾಕಬಾರದು."

ಚಿಕ್ಕಮ್ಮ ಮೂಗು ಸೊರಗುಟ್ಟಿಸುತ್ತ ಒಂದು ಸ್ಟೂಲು ಎಳೆದಳು.

"ಹೇಳುವಿರಂತೆ ಬಿಡಿ, ಅವಸರ ಏನಿಲ್ಲ" ಅಂದಳು. "ಅಲ್ಲೀವರೆಗೆ ಇಲ್ಲಿ ಕೂತ್ಕೊಳ್ಳಿ ಅಕ್ಕ."